ನಿಘಂಟಿಗೆ ಸೇರಿಸು

ಶುಕ್ರವಾರ ಸಂಜೆ ಐದೂವರೆಗೆ
ಕಾಸ್ಟ್ರೊ ಪುರಸಭೆಯವರೆಲ್ಲ ಕೋಟು ಹೊದ್ದು ಹೊರಟರು.
ಕೀಲಿಗೊಂಚಲು ನನ್ನ ಕೈಯಲ್ಲಿ.
ಸೋಮವಾರ ಅವರು ಬರುವ ಹೊತ್ತಿಗೆ
ನೂರಾ ಎಂಬತ್ತಾರು ಕಂಪ್ಯೂಟರುಗಳ ಹಳೇ ಆಫೀಸು ಕಿತ್ತು
ಹೊಸದನ್ನು ನೆಟ್ಟಿರಬೇಕು.

ಸರ್ವರಿನಿಂದ ಒಂದೇ ಆಜ್ಞೆ. ಆಮೇಲೆ ಕಾಯುವ ಕೆಲಸ.
ತೆರಿಗೆ ವಿಭಾಗ ಮೊದಲು ಶರಣಾಯಿತು,
ಬೀದಿದೀಪದವರು ಅದರ ಬೆನ್ನಿಗೇ.
ಮೇಯರರ ಯಂತ್ರ ಮಾತ್ರ ಶೇಕಡಾ ಅರವತ್ತಮೂರಕ್ಕೆ ಬಂದು
ಕಾಲೂರಿ ನಿಂತಿತು, ಹಟಮಾರಿ ಕತ್ತೆ.
ಬೈದೆ. ಕಾದೆ. ತಂತಿ ಕಿತ್ತು ಮತ್ತೆ ಚುಚ್ಚಿದೆ.
ಎದ್ದಿತು.
ನಾಲ್ಕು ವರ್ಷ ಕಲಿತ ವಿದ್ಯೆಯಲ್ಲಿ ಅರ್ಧ ಇಷ್ಟೇ.

ಕಿಟಕಿಯಾಚೆ, ಮರದ ಊರುಗೋಲುಗಳ ಮೇಲೆ ನಿಂತ ಮನೆಗಳ ಕೆಳಗೆ
ಕಡಲು ಇಳಿದು ಕೆಸರು ಬಯಲಾಗಿತ್ತು.
ಯಾರೋ ಟಾರ್ಚು ಹಿಡಿದು ಚಿಪ್ಪು ಹೆಕ್ಕುತ್ತಿದ್ದರು,
ಬಗ್ಗಿ, ಎದ್ದು, ಬಗ್ಗಿ.

ನಡುರಾತ್ರಿಗೆ ನೂರಾ ಎಂಬತ್ತೈದು ಹಸಿರು.
ಉಳಿದದ್ದೊಂದು: ಮೇಲಿನ ಮಹಡಿ, ದಾಖಲೆ ಶಾಖೆ,
ಎಡೆಲ್‌ಮಿರಾ ವೆಂಚುರ್.
ಪರದೆಗೆ ಚೀಟಿ ಅಂಟಿಸಿದ್ದರು: ಮುಟ್ಟಬೇಡಿ.
ಬುಧವಾರವೇ ಕೇಳಿದ್ದರು,
‘ಹೊಸದಕ್ಕೆ ನಮ್ಮ ಪರಿಚಯ ಇರುತ್ತದೋ?’
‘ಪಾಸ್‌ವರ್ಡು ಅದೇ ಇರುತ್ತದೆ’ ಎಂದಿದ್ದೆ.
ಆಕೆ ಕೇಳಿದ್ದು ಅದಲ್ಲ.

ಪಕ್ಕದ ಮೇಜಿನಲ್ಲಿ ಹೊಸದನ್ನು ತೆರೆದು
ಆಕೆಯ ಹೆಸರು ಬೆರಳಚ್ಚಿಸಿದೆ.
ಎಡೆಲ್‌ಮಿರಾ: ಸರಿ.
ವೆಂಚುರ್: ಅಡಿಯಲ್ಲಿ ಕೆಂಪು ಎರೆಹುಳು ಹೊರಳಿತು.
ನನ್ನದನ್ನೂ ಹೊಡೆದೆ. ಯೆರ್ಕೊ. ಅಲ್ಲೂ ಹುಳು.
ಮೂವತ್ತೊಂದು ವರ್ಷ ನಾನೊಂದು ಕಾಗುಣಿತದ ತಪ್ಪಾಗಿ
ಬದುಕಿದ್ದೇನೆಂದು ಯಾರೂ ಹೇಳಿರಲಿಲ್ಲ.

ಮುಟ್ಟಬೇಡಿ ಎಂದ ಯಂತ್ರವನ್ನು ಮುಟ್ಟಿದೆ.
ಕಡತದೊಳಗಿನ ಕಡತದೊಳಗೆ, ಸಾಸಿವೆ ಗಾತ್ರದ್ದು ಒಂದು:
ಸಾಲಿಗೊಂದರಂತೆ ನಾಲ್ಕು ಸಾವಿರದ ನೂರಾ ಹನ್ನೆರಡು ಪದ.
ಅಕಾರಾದಿಯಲ್ಲ,
ಕೌಂಟರಿಗೆ ಬಂದವರ ಸರದಿಯಲ್ಲಿ.
ನವೆಲ್‌ಕೇನ್. ಮಿಯಾಪಿಚುನ್.
ಲೆಮುಯ್ ದ್ವೀಪ, ಕಾಗ್ವಾಚ್ ದ್ವೀಪ,
ನಕ್ಷೆಯವರು ಮರೆತ ಎರಡು ಬಂಡೆ,
ಸಂತೆಯಲ್ಲಿ ಮಾರುವ ನೇರಳೆ ಆಲೂಗಡ್ಡೆಯ ಏಳು ಹೆಸರು,
ದೋಣಿಗಳು, ದೋಣಿಗಳ ಅಡ್ಡಹೆಸರು,
ಬಹುಶಃ ಒಂದು ನಾಯಿ.
ಹತ್ತೊಂಬತ್ತು ವರ್ಷ ಕೆಂಪು ಗೆರೆ ಎದ್ದಾಗಲೆಲ್ಲ
ಇಲಿಯ ಬಲಗಿವಿ ಹಿಂಡಿ ಆಕೆ ಹೇಳಿದ್ದು ಒಂದೇ ಮಾತು:
ನಿಘಂಟಿಗೆ ಸೇರಿಸು.

ಗುತ್ತಿಗೆಯಲ್ಲಿ ಇದರ ಪ್ರಸ್ತಾಪವಿರಲಿಲ್ಲ.
ನಾನು ಎಲ್ಲವನ್ನೂ ಓದಲೂ ಇಲ್ಲ. ಆ ಹೊತ್ತಿನಲ್ಲಿ ಯಾರು ಓದುತ್ತಾರೆ?
ಎರಡನೆಯ ಆಜ್ಞೆ ಬರೆದೆ, ಮೂರು ಸಾಲು.
ತೆರಿಗೆಗೆ, ಬೀದಿದೀಪಕ್ಕೆ, ಮೇಯರರಿಗೆ,
ಎಲ್ಲರಿಗೂ ಆಕೆಯ ಪದಗಳನ್ನು ಹಂಚಿದೆ,
ಹೆಪ್ಪು ಹಂಚುವ ನೆರೆಮನೆಯವರ ಹಾಗೆ.

ಸೋಮವಾರ ಎಡೆಲ್‌ಮಿರಾ ಬಂದು
ಕನ್ನಡಕ ಒರೆಸಿ ಒಂದು ಪುಟ ಹೊಡೆದರು.
ಪುಟ ಬೆಳ್ಳಗೇ ಇತ್ತು.
ಚೀಟಿ ಕಿತ್ತು ಮುದುಡಿ ನನ್ನ ಜೇಬಿಗೆ ತುರುಕಿದರು.
ಥ್ಯಾಂಕ್ಸ್ ಅನ್ನಲಿಲ್ಲ.

ತಿಂಗಳ ಕೊನೆಗೆ ಪುಯೆರ್ತೊ ಮೊಂಟಿನಿಂದ,
ಹಡಗು ದಾಟಿ, ಲೆಕ್ಕಪರಿಶೋಧಕರ ಲಕೋಟೆ.
ಇನ್ನೂರ ಆರು ಹಾಳೆ. ಎಲ್ಲದರಲ್ಲೂ
‘ರೆಸಿಬೊ’ ಇರಬೇಕಾದ ಕಡೆ ‘ರೆಸಿವೊ’.
ಪ್ರತಿಯೊಂದಕ್ಕೂ ಕೈಯಾರೆ ಕೆಂಪು ಶಾಯಿಯ ಗೆರೆ.
ರಸೀದಿ ಎಂಬ ಸಣ್ಣ ಮಾತು. ನಮ್ಮ ಬಾಯಲ್ಲಿ
ಬಕಾರ ವಕಾರಗಳಿಗೆ ಭೇದವಿಲ್ಲ, ಒಂದೇ ತುಟಿ ಎರಡಕ್ಕೂ;
ಕಣ್ಣಿಗೆ ಮಾತ್ರ ಇದೆ.
ನೂರಾ ಎಂಬತ್ತಾರು ಯಂತ್ರಗಳಲ್ಲಿ
ಒಂದಾದರೂ ಕೆಮ್ಮಿರಲಿಲ್ಲ.

ಕಡತ ತೆರೆದೆ. ಸಾಲು ಎರಡು ಸಾವಿರದ ಮುನ್ನೂರ ನಲವತ್ತು.
ಎಡೆಲ್‌ಮಿರಾ ಬಗ್ಗಿ ನೋಡಿದರು.
‘ಅಂದು ನನಗೆ ಹಲ್ಲುನೋವು,’ ಎಂದರು,
ಎಂಟು ವರ್ಷದ ಹಿಂದಿನ ದವಡೆ ಹಿಡಿದುಕೊಂಡು.
ಆಮೇಲೆ ಆ ಕೆಂಪು ಗೆರೆಗಳನ್ನು
ಒಂದೊಂದಾಗಿ ಬೆರಳಿನಿಂದ ಸವರಿ,
‘ಇದನ್ನು ಹೊಡೆದವನ ಹೆಸರೇನು?’ ಎಂದು ಕೇಳಿದರು.
ಹೇಳಿದೆ. ಜರ್ಮನ್ ಮೂಲದ್ದು, ವ್ಯಂಜನಗಳ ಜಡೆ.
ಬೆರಳಚ್ಚಿಸಿದರು. ಹುಳು ಎದ್ದಿತು.

‘ಪಾಪ,’ ಎಂದು
ಇಲಿಯ ಬಲಗಿವಿ ಹಿಂಡಿದರು.