ಕಾವು

ಲಿಯೆಪಾಯಾ ಬಂದರಿನಲ್ಲಿ ಕ್ರೇನು ನಡೆಸುವ ಜಿದ್ರಾ
ರಾತ್ರಿಪಾಳಿ ಮುಗಿಸಿ ಬಂದವಳು
ಬೂಟು ಬಿಚ್ಚುವ ಮೊದಲೇ ಟೀವಿ ಹಚ್ಚುತ್ತಾಳಂತೆ.
ಎಲ್ಲೋ ಕಾಡೊಳಗೆ ಒಂದು ಪೈನ್ ಮರ, ಅದರ ತುದಿಗೆ ಗೂಡು,
ಗೂಡಿಗೊಂದು ಕ್ಯಾಮೆರಾ,
ಕ್ಯಾಮೆರಾದ ಕಣ್ಣೆದುರು
ಮೊಟ್ಟೆಗಳ ಮೇಲೆ ಕೂತ ಬಿಳಿಬಾಲದ ಹದ್ದು.

ದೂರಿನ ಚೀಟಿಯಲ್ಲಿ ಒಂದೇ ಪದ: ನಿಲ್ಲುತ್ತದೆ.
ಯಾವಾಗ, ಅಂದೆ.
‘ಅದೇ ಗೊತ್ತಾಗೋದಿಲ್ಲವಲ್ಲ.
ಕಾವಿಗೆ ಕೂತ ಹಕ್ಕಿಗೂ ನಿಂತ ಚಿತ್ರಕ್ಕೂ ಏನು ವ್ಯತ್ಯಾಸ, ಹೇಳು?
ಮೊನ್ನೆ ನಲವತ್ತು ನಿಮಿಷ ನೋಡಿದೆ.
ಆಮೇಲೆ ತಿಳಿಯಿತು, ನೋಡಿದ್ದು ಹದ್ದನ್ನಲ್ಲ,
ಅದು ಬಿಟ್ಟುಹೋದ ಒಂದು ಕ್ಷಣವನ್ನು.’
ಗಿರಗಿರ ಸುತ್ತುವ ಬಳೆಯಾದರೂ ಬರಬೇಕಲ್ಲ?
‘ಒಮ್ಮೊಮ್ಮೆ ಬರುತ್ತೆ. ಒಮ್ಮೊಮ್ಮೆ ಅದಕ್ಕೂ ಬೇಸರ.’

ಲ್ಯಾಪ್‌ಟಾಪು ತೆಗೆದೆ. ಗೋಡೆಯ ತೂತಿನಿಂದ ಬರುವ ವೈರಿಗೆ ಚುಚ್ಚಿದರೆ
ತೊಂಬತ್ತನಾಲ್ಕು ಮೆಗಾಬಿಟ್, ತುಂಬಿದ ಹೊಳೆ.
ಟೀವಿಯ ಹತ್ತಿರ ನಿಂತರೆ ಎರಡೂವರೆ, ತೊಟ್ಟಿಕ್ಕುವ ನಲ್ಲಿ.
ಅಂದರೆ ತಪ್ಪು ನಮ್ಮ ಕಂಪನಿಯದಲ್ಲ.
ಇಷ್ಟಕ್ಕೇ ಸಹಿ ಹಾಕಿಸಿಕೊಂಡು ಹೊರಡುವವರಿದ್ದಾರೆ.
ನಾನೂ ಹೊರಟಿದ್ದೇನೆ, ಬೇರೆ ಮನೆಗಳಿಂದ.

ಗಾಳಿಯಲ್ಲಿ ಇಪ್ಪತ್ತಮೂರು ನೆರೆಮನೆಗಳು,
ಅದರಲ್ಲಿ ಹದಿನಾಲ್ಕು ಒಂದೇ ಚಾನೆಲ್ಲಿನಲ್ಲಿ
ಸಂತೆಯ ಹಾಗೆ ಒಟ್ಟಿಗೇ ಕೂಗುತ್ತಿದ್ದವು.
ಕೂತಲ್ಲಿಂದಲೇ ಚಾನೆಲ್ಲು ಬದಲಿಸಿದೆ. ಎರಡೂವರೆ ಮೂರಾಯಿತು.
ಆರಿಸಿ ಹಚ್ಚಿದೆ. ಐದಾಯಿತು, ಹತ್ತು ನಿಮಿಷಕ್ಕೆ ಮತ್ತೆ ಮೂರು.
ವಿಸ್ವಾಲ್ದಿಸ್, ಅವಳ ಗಂಡ, ಅಡುಗೆಮನೆಯಲ್ಲಿ
ಕರಿ ಬ್ರೆಡ್ಡು ಕೊಯ್ಯುತ್ತಾ: ‘ಎಲ್ಲ ಸರಿಯಾಗೇ ಇದೆ ಮಾರಾಯ,
ಹದ್ದಿಗಿರೋ ತಾಳ್ಮೆ ಇವಳಿಗಿಲ್ಲ, ಅಷ್ಟೆ.’

ಎಲ್ಲಿದೆ ರೂಟರು, ಅಂದಾಗ ಇಬ್ಬರೂ ಸುಮ್ಮನಾದರು.
ಗೋಡೆಯೆತ್ತರದ ಹೆಂಚಿನ ಒಲೆಯ ಬೆನ್ನ ಹಿಂದೆ, ಸಂದಿಯಲ್ಲಿ,
ಉಣ್ಣೆಯ ಅಂಗಿ ತೊಟ್ಟು ಕೂತಿತ್ತು ಅದು.
ಕೈಗವಸು ಹೆಣೆದು ಮಿಕ್ಕ ಕೆಂಪು ನೂಲು, ಬಿಳಿ ನೂಲು,
ಎದೆಯ ಮೇಲೆ ದೃಷ್ಟಿಗೆಂದು ಎಂಟು ಮೂಲೆಯ ನಕ್ಷತ್ರ,
ಆಂಟೆನಾಗಳಿಗೆ ಎರಡು ತೋಳು.
‘ಹಗಲು ಮಲಗುವವಳು ನಾನು. ಆ ಹಸಿರು ದೀಪ
ರೆಪ್ಪೆಯೊಳಗೇ ಮಿಣುಕುತ್ತಿತ್ತು.’
ಮುಟ್ಟಿದೆ. ಹದಿನಾರು ವರ್ಷದ ಈ ಕೆಲಸದಲ್ಲಿ
ಜ್ವರ ಬಂದ ರೂಟರುಗಳ ಕಂಡಿದ್ದೇನೆ,
ಇಷ್ಟು ಕಾದದ್ದನ್ನು ಕಂಡಿರಲಿಲ್ಲ.
ಇನ್ನು ಮೂರು ವಾರ ಬಿಟ್ಟಿದ್ದರೆ ಮರಿ ಹೊರಬರುತ್ತಿತ್ತು.

ಕಿಟಕಿ ಪಕ್ಕದ ಕಪಾಟಿನ ಮೇಲಿಟ್ಟೆ, ಬರಿಮೈಯಲ್ಲಿ.
ದೀಪಗಳಿಗೆ ಕರಿ ಟೇಪಿನ ಚೂರು.
ಟೀವಿಯ ಹತ್ತಿರ ಹೋಗಿ ಅಳೆದರೆ ನಲವತ್ತೆಂಟು.
ಚಿತ್ರ ಬಂತು. ಹದ್ದು ಬಂತು. ಹದ್ದು
ಅಲ್ಲಾಡಲಿಲ್ಲ.

ಮೂಲೆಯ ಗಡಿಯಾರ ನೋಡೋಣವೆಂದರೆ
ಈ ಹಳೆಯ ಟೀವಿ ಅಂಚು ಕತ್ತರಿಸಿಕೊಂಡೇ ತೋರಿಸುತ್ತದೆ.
ಕಾಡಿನಲ್ಲಿ ಗಾಳಿಯಿಲ್ಲ. ಒಂದು ಸೂಜಿ ಎಲೆಯೂ ಮಿಸುಕುವುದಿಲ್ಲ.
ಮೂವರೂ ನಿಂತೆವು. ವಿಸ್ವಾಲ್ದಿಸನ ಕೈಯಲ್ಲಿ ಚಾಕು,
ಜಿದ್ರಾಳ ಒಂದೇ ಕಾಲಲ್ಲಿ ಬೂಟು.
ಕೆಳಗೆ ಟ್ರಾಮು ಹಾದುಹೋಗಿ ಕಿಟಕಿ ಗಾಜು ನಡುಗಿತು,
ಅಲ್ಲಿ ಏನೂ ನಡುಗಲಿಲ್ಲ.
ಇನ್ನೇನು ಮತ್ತೆ ಬ್ಯಾಗು ಬಿಚ್ಚಬೇಕು,
ಆಗ ಹದ್ದಿನ ಬೆನ್ನ ಮೇಲೆ
ಒಂದು ಹಿಮದ ಚೂರು ಬಿದ್ದು, ಕರಗದೆ ಕೂತಿತು.
ಆಮೇಲೆ ಇನ್ನೊಂದು.
‘ಶ್,’ ಅಂದಳು ಜಿದ್ರಾ. ಯಾರೂ ಮಾತಾಡಿರಲಿಲ್ಲ.

ಕಂಪನಿಯ ಫಾರಮ್ಮಿನಲ್ಲಿ ‘ದೋಷದ ಕಾರಣ’ಕ್ಕೆ
ಎರಡು ಸೆಂಟಿಮೀಟರು ಜಾಗ.
ಉಣ್ಣೆ, ಎಂದು ಬರೆದೆ.
ಅಂಗಿಯನ್ನು ಆಕೆ ನನಗೇ ಕೊಟ್ಟಳು.
ಟೀ ಫ್ಲಾಸ್ಕಿಗೆ ಸರಿಯಾಗಿ ಕೂರುತ್ತದೆ,
ತೋಳುಗಳೆರಡು ಮಾತ್ರ ಸುಮ್ಮನೆ ಜೋಲುತ್ತವೆ.