ಇನ್ನೂರ ಹದಿನಾಲ್ಕು ಅಪರಿಚಿತರು

ಬೂಟಿನ ಕಪಾಟಿನಲ್ಲಿ ಈಗ ಬೂಟುಗಳಿಲ್ಲ.
ಇಟ್ಟಿಗೆಯಷ್ಟು ದಪ್ಪದ ಕರಿ ಪೆಟ್ಟಿಗೆ,
ಒಂದು ಹಸಿರು ಕಣ್ಣು, ಸಣ್ಣ ಫ್ಯಾನಿನ ಗೊರಗೊರ.
ತಂದಿಟ್ಟವನು ಬೆಸೊ, ತಂಗಿಯ ಮಗ.
"ದೊಡ್ಡಮ್ಮಾ, ನಿನ್ನ ಟೇಪುಗಳೆಲ್ಲ ಇದರ ಹೊಟ್ಟೆಗೆ.
ಅಡುಗೆಮನೆಯಲ್ಲೂ ಕೇಳು, ಬಚ್ಚಲಲ್ಲೂ ಕೇಳು."
ಬಚ್ಚಲಲ್ಲಿ ಹಾಡು ಕೇಳುವ ವಯಸ್ಸೇನೋ ನನ್ನದು, ಎಂದೆ.
ಆದರೂ ತ್ಬಿಲಿಸಿಯ ಚಳಿಗಾಲ ಪೂರ್ತಿ
ಕಾಲ ಮೇಲೆ ಕಂಬಳಿ ಹೊದ್ದು ಕೂತೆ.

ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು,
ಅವಸರಕ್ಕೆ ಅದು ಬಗ್ಗುವುದಿಲ್ಲ.
ತಲೆಗೆ ಸ್ಪಿರಿಟ್ಟು ಹಚ್ಚಿ ಒರೆಸಬೇಕು (ಯಂತ್ರದ ತಲೆಗೆ),
ತುಂಡಾದಲ್ಲಿ ಅಂಟಿಸಬೇಕು.
ರೇಡಿಯೋ ಕೇಂದ್ರದಲ್ಲಿ ಇಪ್ಪತ್ತೊಂಬತ್ತು ವರ್ಷ ಇದೇ ಕೆಲಸ;
ಬೆರಳು ಮರೆತಿಲ್ಲ.

ಕಾಟವೆಲ್ಲ ಪರದೆಯದು.
ಹೆಣ್ಣು ನೋಡಲು ಬಂದವರ ಹಾಗೆ ಒಂದೊಂದಾಗಿ ಕೇಳುತ್ತದೆ:
ಹಾಡಿನ ಹೆಸರು? ಯಾವ ಆಲ್ಬಮ್ಮು? ಯಾವ ಇಸವಿ?
ಕಲಾವಿದ ಯಾರು?

ಕಲಾವಿದ!
ಗುರಿಯಾ ಸೀಮೆಯ ಒಂದು ಚಹಾ ಇಳಿಜಾರು,
ಮೂವರು ಗಂಡಸರಿಗೆ ಒಂದೇ ಮೈಕು,
ಮೇಜಿನ ಮೇಲೆ ಜೋಳದ ರೊಟ್ಟಿ, ಉಪ್ಪು ಚೀಸು, ಅರ್ಧ ಹೂಜಿ ವೈನು.
ಹಾಡು ಯಾರದು ಎಂದು ಅಂದೂ ಕೇಳಿದ್ದೆ, ಫಾರಮ್ಮು ತುಂಬಬೇಕಿತ್ತು.
ಮುಖ ಮುಖ ನೋಡಿಕೊಂಡು ನಕ್ಕರು.
"ಮೇಜು ಯಾರದೋ ಹಾಡು ಅವರದು," ಎಂದ ಶಕ್ರೊ.

ಖಾಲಿ ಬಿಟ್ಟೆ.
ಪೆಟ್ಟಿಗೆ ಖಾಲಿ ಸಹಿಸದು, ತಾನೇ ಬರೆದುಕೊಂಡಿತು:
ಅಪರಿಚಿತ ಕಲಾವಿದ.
ಮುಂದಿನದಕ್ಕೂ ಅದೇ, ಅದರಾಚೆಯದಕ್ಕೂ.
ಇನ್ನೂರ ಹದಿನಾಲ್ಕು ಹಾಡು, ಒಬ್ಬನೇ ಅಪರಿಚಿತ,
ಫೋಟೋ ಇರಬೇಕಾದಲ್ಲಿ ಮುಖವಿಲ್ಲದ ಬೂದು ಭುಜ.

ಅಪರಿಚಿತನಂತೆ!
ಎರ್ಮಿಲೆ, ಮೇಲಿನ ದನಿ,
ಹುಂಜದ ಹಾಗೆ ಮುರಿದು ಮುರಿದು ಹಾರುವ ಕ್ರಿಮಂಚುಲಿ;
ಹಗಲು ಲಾರಿ ರಿಪೇರಿ, ಉಗುರ ಸಂದಿಯಲ್ಲಿ ಗ್ರೀಸು.
ಶಕ್ರೊ, ನಡುವಿನ ದನಿ, ಮಾತು ಹೊತ್ತವನು,
ಚೀಲ ತುಂಬ ಹೇಝಲ್ ಬೀಜ ಕೊಟ್ಟು ನನ್ನನ್ನು ಬಸ್ಸಿಗೆ ಹತ್ತಿಸಿದ.
ಕೆಳಗೆ ಅನಾನಿಯಾ.
ಕುಡಿದಿರಲಿ, ಬಿಟ್ಟಿರಲಿ, ಒಂದು ಉಸಿರು ತಡ.
ಉಳಿದಿಬ್ಬರು ಅವನಿಗಾಗಿ ಕಾಯಲೂ ಇಲ್ಲ, ಬೈಯಲೂ ಇಲ್ಲ.

ಎರಡೇ ಬೆರಳಲ್ಲಿ ಕುಟ್ಟಿದೆ, ಹೆಸರು ಹೆಸರಾಗಿ.
ಇಸವಿ ನೆನಪಾಗದಲ್ಲಿ "ಕರೆಂಟು ಇಲ್ಲದ ಚಳಿಗಾಲ" ಎಂದೆ;
ಅಂಕಿಯೇ ಬೇಕೆಂದು ಹಟ ಹಿಡಿಯಿತು.
ಪ್ರಕಾರ ಎಂಬಲ್ಲಿ ಪಟ್ಟಿ ಬಿಚ್ಚಿತು:
ಜಾಝ್, ರಾಕ್, ಮಕ್ಕಳ ಗೀತೆ, ಇತರೆ.
ಇತರೆ ಒತ್ತಿ ಚಹಾಕ್ಕೆ ಎದ್ದೆ.

ಹದಿನೇಳನೆಯ ಟೇಪಿನಲ್ಲಿ ಹಾಡಿಲ್ಲ.
ಯಾರದೋ ಭಾಷಣಕ್ಕೆ ಜಾಗ ಬೇಕಿತ್ತು, ಹೊಸ ಟೇಪು ಸಿಗದ ಕಾಲ,
ಅಳಿಸು ಎಂದರು. ಅಳಿಸಿದೆ.
ಮರುದಿನ ಭಾಷಣವೇ ರದ್ದಾಯಿತು.
ಮೂವತ್ತೊಂದು ನಿಮಿಷ ಬರೀ ಸುಯ್.
ಅದನ್ನೂ ಪೆಟ್ಟಿಗೆಗೆ ಇಳಿಸಿದೆ.
ಕಲಾವಿದ ಯಾರು ಎಂದಿತು.
ಲಮಾರಾ, ಎಂದು ಬರೆದೆ. ಅಲ್ಲಿ ಮಾತ್ರ ನನಗೆ ಖಚಿತವಿತ್ತು.

ಭಾನುವಾರ ಬೆಸೊ ಬಂದು ಮೂರು ಸ್ಪೀಕರು ಕೂಡಿಸಿದ:
ಅಡುಗೆಮನೆ, ಮಲಗುವ ಕೋಣೆ, ಕೊನೆಗೆ ಬಚ್ಚಲೂ.
ಒಂದೇ ಹಾಡು ಮೂರು ಕಡೆ ಎದ್ದಿತು,
ಬಚ್ಚಲಿನದು ಮಾತ್ರ ಒಂದು ಉಸಿರು ತಡ.
"ಗೋಡೆ ದಪ್ಪ, ವೈಫೈ ಎಳೆಯಲ್ಲ," ಎಂದು ಫೋನಿಗೆ ಬಗ್ಗಿದ,
"ಎರಡು ನಿಮಿಷ, ಸರಿ ಮಾಡ್ತೀನಿ."

ನಡುವಿನ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ.
"ಅನಾನಿಯಾ," ಎಂದೆ.
"ಯಾರು?"
ಒಲೆಯ ಮೇಲೆ ಬೀನ್ಸು ತಳ ಹಿಡಿಯುತ್ತಿತ್ತು.
"ಕೈ ತೊಳಿ," ಎಂದೆ, "ಊಟಕ್ಕೆ ಕೂರು.
ಅದನ್ನು ಮುಟ್ಟಬೇಡ."