ಇಪ್ಪತ್ನಾಲ್ಕರಿಂದ ಗುಣಿಸು

ಪೆಂಬಾ ದ್ವೀಪದ ಉತ್ತರಕ್ಕೆ, ಮಿಚೆವೆನಿಯ ಶಾಲೆಯಿಂದ
ಡಬ್ಬಿಗಳು ಬರುವುದು ಬೆಳಗ್ಗೆ ಎಂಟಕ್ಕೆ,
ಫಾಕಿ ಮಾಸ್ತರ ಸೈಕಲ್ಲಿನ ಮೇಲೆ,
ಲವಂಗ ತುಂಬಿದ್ದ ಹಳೆಯ ಗೋಣಿಚೀಲದಲ್ಲಿ.
ಅದೊಂದು ಉಪಕಾರ. ಚೀಲದ ಘಮ
ಒಳಗಿರುವುದನ್ನು ಸ್ವಲ್ಪ ಹೊತ್ತು ಮರೆಸುತ್ತದೆ.

ಜರಡಿಗೆ ಒತ್ತಿ, ಅಚ್ಚಿನ ತೂತಿಗೆ ತುಂಬಿ,
ಹಸಿರು ನೀರಲ್ಲಿ ನೆನೆದ ಸೆಲೊಫೇನ್ ಮುಚ್ಚಿ
ಗಾಜನ್ನು ಬೋರಲು ಹಾಕಿ ಅದುಮುತ್ತೇನೆ.
ದುಂಡುಹುಳುವಿನ ಮೊಟ್ಟೆಗೆ ಒರಟು ಕಂದು ಅಂಗಿ.
ಚಾಟಿಹುಳುವಿನದು ಎರಡೂ ತುದಿಗೆ ಬಿರಡೆ ಬಡಿದ ಪುಟ್ಟ ಪೀಪಾಯಿ.
ಕೊಕ್ಕೆಹುಳುವಿನದು ನಾಚಿಕೆಯದು: ಗಂಟೆ ಕಳೆದರೆ
ಕಣ್ಣೆದುರೇ ಕರಗುತ್ತದೆ, ಇರಲೇ ಇಲ್ಲವೆಂಬಂತೆ.
ಅದನ್ನೇ ಮೊದಲು ಎಣಿಸಬೇಕು.
ಎಣಿಸಿ, ಇಪ್ಪತ್ನಾಲ್ಕರಿಂದ ಗುಣಿಸಬೇಕು,
ಆಗ ಒಂದು ಗ್ರಾಮಿನ ಲೆಕ್ಕ.
ಹತ್ತೊಂಬತ್ತು ವರ್ಷದಿಂದ ಗುಣಿಸುತ್ತಿದ್ದೇನೆ.
ಮದುವೆ ಮನೆಯಲ್ಲಿ ಪಿಲಾವ್ ತಟ್ಟೆ ಎಣಿಸಿದರೂ
ಬೆರಳು ತಾನಾಗಿ ಗುಣಿಸಲು ಹೊರಡುತ್ತದೆ.

ನೂರ ಹದಿನೇಳು, ನೂರ ಹದಿನೆಂಟು.
ಶಾಮೆ, ಎಂಟು ವರ್ಷ. ಮೈಜಾ, ಹನ್ನೊಂದು.
ಒಂದರಲ್ಲಿ ನಲವತ್ತೊಂದು ಪೀಪಾಯಿ, ಇನ್ನೊಂದರಲ್ಲಿ ನಲವತ್ಮೂರು,
ಎರಡರಲ್ಲೂ ಅದೇ ಮಾವಿನ ನಾರು.
ನಕ್ಕೆ. ಮಧ್ಯಾಹ್ನ ಶಾಲೆಗೆ ಹೋದೆ.
ಹುಡುಗಿ ನೆಲ ನೋಡಿದಳು. ತಮ್ಮ ಮುಂದೆ ಬಂದು,
"ಅವಳಿಗೆ ನಾಚಿಕೆ. ನನ್ನ ಹತ್ತಿರ ಬೇಕಾದಷ್ಟಿತ್ತು,
ಕೊಟ್ಟೆ" ಅಂದ, ಕೊಡುಗೈ ದೊರೆಯ ಗತ್ತಿನಲ್ಲಿ.

ಮರುದಿನ ಅವಳದೇ ಬಂತು, ಲೆಕ್ಕದ ನೋಟ್‌ಬುಕ್ಕಿನ
ಹಾಳೆಯಲ್ಲಿ ನಾಲ್ಕು ಸುತ್ತು ಸುತ್ತಿ.
ಇನ್ನೂರ ಹನ್ನೆರಡು. ಎಲ್ಲವೂ ನಾಚಿಕೆಯವು.
ಐದು ಸಾವಿರದ ಎಂಬತ್ತೆಂಟು ಎಂದು ಬರೆಯುವಾಗ
ಅವಳ ಅಂಗೈ ನೆನಪಾಯಿತು,
ಸೀಮೆಸುಣ್ಣ ಹಿಡಿಯದೆಯೂ ಬಿಳಿ.

ಮಾತ್ರೆ ಎರಡು ಬಗೆ. ಒಂದು ಔಷಧಿ, ಒಂದು ಬರಿಯ ಹಿಟ್ಟು.
ಬಣ್ಣ ಒಂದೇ, ರುಚಿ ಒಂದೇ, ನಡುವಿನ ಗೀರೂ ಒಂದೇ.
ಯಾರಿಗೆ ಯಾವುದೆಂದು ನನಗೆ ಗೊತ್ತಿಲ್ಲ, ನರ್ಸಿಗೆ ಗೊತ್ತಿಲ್ಲ,
ಗೊತ್ತಿರುವ ಲಕೋಟೆ ಕಡಲಾಚೆ ಯಾವುದೋ ಬೀರುವಿನಲ್ಲಿ.
ಗೊತ್ತಾದರೆ ಕಣ್ಣು ಸುಳ್ಳು ಎಣಿಸುತ್ತದೆ. ಸರಿಯೇ.
ಅಪ್ಪ ಅಮ್ಮಂದಿರಿಗೆ ಎಲ್ಲ ಹೇಳಿ ಹೆಬ್ಬೆಟ್ಟು ಒತ್ತಿಸಿಯೂ ಆಗಿತ್ತು.
ಆದರೂ ಸಾಲಿನಲ್ಲಿ ಅವಳು ಬಾಯಿ ತೆರೆದಾಗ
ನಾನು ಕಿಟಕಿಯಾಚೆ ನೋಡಿದೆ,
ಚಾಪೆಯ ಮೇಲೆ ಒಣಗುತ್ತಿದ್ದ ಲವಂಗವನ್ನು.

ಮೂರು ವಾರದ ಮೇಲೆ ಮತ್ತೆ ಚೀಲ, ಮತ್ತೆ ಘಮ.
ನೂರ ಹದಿನೇಳು ಒಂದಿಷ್ಟು ಇಳಿದಿತ್ತು. ಹದಿನೆಂಟೂ ಒಂದಿಷ್ಟು.
ಯಾವುದೂ ಪೂರ್ತಿಯಲ್ಲ. ಹೊಸ ಗಾಜು ಮಾಡಿ ನೋಡಿದೆ.
ಔಷಧಿಯ ದಾರಿ ಅಷ್ಟು ಸರಳವಲ್ಲ, ಬಲ್ಲೆ;
ಹುಳುಗಳೂ ದಿನಕ್ಕೊಂದು ಬುದ್ಧಿಯವು. ಆದರೂ
ಶಾಮೆಯನ್ನು ಕೇಳಿದೆ.

"ಒಂದು ನಿಜದ್ದು, ಒಂದು ಸುಳ್ಳಿಂದು ಅಂದ್ರಲ್ಲ ನೀವೇ.
ಯಾವುದು ಅಂತ ನಿಮಗೂ ಗೊತ್ತಿಲ್ಲ.
ಸಿಸ್ಟರು ನಾಲಿಗೆ ಎತ್ತಿಸಿದರು, ದವಡೆ ನೋಡಲಿಲ್ಲ.
ಬಾವಿಯ ಹಿಂದೆ ಹೋಗಿ, ಎರಡನ್ನೂ ಮುರಿದು
ಅರ್ಧ ಅರ್ಧ ತಿಂದ್ವಿ."

ಎರಡೂ ಸುಳ್ಳಿನವೇ ಆಗಿದ್ದರೆ?
ಅದನ್ನವನು ಯೋಚಿಸಿರಲಿಲ್ಲ. ಕಾಲಿನಿಂದ ಮಣ್ಣು ಕೆದಕಿದ.

ನಿಯಮ ತಪ್ಪಿದ್ದಕ್ಕೆ ಒಂದು ಫಾರಂ ಇದೆ, ಹಳದಿ.
ಕಾರಣ ಎಂಬಲ್ಲಿ ಒಂದೇ ಗೆರೆಯ ಜಾಗ.
ಪೆನ್ಸಿಲ್ ಹಿಡಿದು ಕೂತೇ ಇದ್ದೆ;
ಗಾಜಿನ ಮೇಲಿದ್ದವು ಅಷ್ಟರಲ್ಲಿ ಕರಗಿದವು.
"ಒಂದೇ ಮನೆಯವರು" ಎಂದು ಬರೆದೆ.
ಇಬ್ಬರ ಸಂಖ್ಯೆಯನ್ನೂ ಪಟ್ಟಿಯಿಂದ ಹೊಡೆದರು.

ಪರೀಕ್ಷೆ ಮುಗಿದ ದಿನ ಎಲ್ಲ ಮಕ್ಕಳಿಗೂ ನಿಜದ ಮಾತ್ರೆ.
ಮೈಜಾ ತನ್ನದನ್ನು ಪಡೆದು
ಗೀರಿನ ಮೇಲೆ ಉಗುರಿಟ್ಟು ಟಕ್ಕನೆ ಮುರಿದಳು,
ಪಕ್ಕಕ್ಕೆ ಕೈ ಚಾಚಿದಳು, ತಮ್ಮ ನಿಂತಿದ್ದ ಕಡೆ.
"ಬೇಡ ಕಣೇ," ಅಂದ ಅವನು, ಬಾಯಿ ತುಂಬ ಬಿಳಿ ಪುಡಿ,
"ಇವತ್ತು ಪೂರ್ತಿ ನಿಂದೇ."